ಮನೆ ಹೊತ್ತು ಹೊರಟವರಿಗೆ ಅರವತ್ತೆರಡು ಸಾಕು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೆ ಶಾಲೆಯಿಲ್ಲ, ಹಿರಿಯರಿಗೆ ಹೋಟೆಲಿನ ಊಟ ಒಗ್ಗುವುದಿಲ್ಲ. ಒಂದು ಆರ್‌ವಿ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ನೋಡಿಕೊಂಡು ಬಂದರೆ ಹೇಗೆ? ಒಳ್ಳೆಯ ಯೋಚನೆ. ಒಲೆ, ಫ್ರಿಜ್ಜು, ಹಾಸಿಗೆ, ಬಚ್ಚಲು ಎಲ್ಲವೂ ಜೊತೆಗೇ ಬರುವ ಗಾಡಿ. ನಿಂತಲ್ಲೇ ಅನ್ನ ಸಾರು ಮಾಡಿಕೊಳ್ಳಬಹುದು, ಮೊಣಕಾಲು ನೋವಿರುವ ಅಮ್ಮ ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗಬಹುದು. ಖಂಡಿತ ಹೋಗಿ ಬನ್ನಿ.

ಆದರೆ ಕೀಲಿ ಕೈಗೆ ತೆಗೆದುಕೊಳ್ಳುವ ಮುಂಚೆ ಹತ್ತು ನಿಮಿಷ ಕೂತು ನನ್ನ ಮಾತು ಕೇಳಿ. ನಾನೂ ನಮ್ಮ ಯಜಮಾನರೂ ಹಲವು ಬೇಸಿಗೆ ಇಂಥ ಗಾಡಿಯಲ್ಲಿ ಸುತ್ತಿದವರು. ಪ್ರತಿ ವರ್ಷ ಹೊಸದಾಗಿ ಹೊರಡುವ ಒಂದಿಬ್ಬರು ಮನೆಗೆ ಬಂದು ವಿಚಾರಿಸುತ್ತಾರೆ. ಯಾವ ಕ್ಯಾಂಪ್‌ಗ್ರೌಂಡ್ ಒಳ್ಳೆಯದು, ಪಾತ್ರೆ ತೊಳೆದ ಕೊಳೆ ನೀರು ಎಲ್ಲಿ ಬಿಡಬೇಕು, ದೋಸೆ ಹಿಟ್ಟು ಎಷ್ಟು ದಿನ ಕೆಡದೆ ಇರುತ್ತದೆ, ಎಲ್ಲ ಕೇಳುತ್ತಾರೆ. ಎಷ್ಟು ವೇಗದಲ್ಲಿ ಓಡಿಸಬೇಕು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಅದು ಗೊತ್ತಿರುವ ವಿಷಯ ಎಂದುಕೊಂಡುಬಿಡುತ್ತೀರಿ. ದಿನವೂ ಆಫೀಸಿಗೆ ಕಾರಿನಲ್ಲಿ 75ರಲ್ಲಿ ಹೋಗುವವರು, ಇದೂ ನಾಲ್ಕು ಚಕ್ರದ ಗಾಡಿಯೇ ತಾನೇ ಎಂಬ ಧೈರ್ಯ. ಬಹುತೇಕ ಕಡೆ ಸಾಮಾನ್ಯ ಕಾರಿನ ಲೈಸೆನ್ಸೇ ಇದಕ್ಕೂ ಸಾಕಾಗುವುದರಿಂದ ಆ ಧೈರ್ಯ ಇನ್ನೂ ಹೆಚ್ಚುತ್ತದೆ.

ಗಾಡಿ ಎಂಥದ್ದೆಂದು ಮೊದಲು ತಿಳಿದುಕೊಳ್ಳಿ. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವ, ಬಾಡಿಗೆಗೆ ಹೆಚ್ಚಾಗಿ ಸಿಗುವ ‘ಕ್ಲಾಸ್ ಸಿ’ ಗಾಡಿಗಳಲ್ಲಿ ಬಹಳಷ್ಟು ಫೋರ್ಡ್ ವ್ಯಾನಿನ ಅಡಿಗಟ್ಟಿನ ಮೇಲೆ ಕಟ್ಟಿದವು. ದೊಡ್ಡದಾದ ಇ-450 ಅಡಿಗಟ್ಟು ಹೊರಬಹುದಾದ ಒಟ್ಟು ತೂಕ 14,500 ಪೌಂಡು, ಅಂದರೆ ಆರೂವರೆ ಟನ್. ಸುಮಾರು ನಾಲ್ಕು ಕ್ಯಾಮ್ರಿ ಕಾರುಗಳನ್ನು ಒಂದಕ್ಕೊಂದು ಕಟ್ಟಿ ಓಡಿಸಿದಷ್ಟು. ಅದರ ಮೇಲೆ ಹತ್ತು ಹನ್ನೆರಡು ಅಡಿ ಎತ್ತರ, ಮೂವತ್ತು ಅಡಿ ಉದ್ದದ ಗೋಡೆ. ನೀವು ಓಡಿಸುತ್ತಿರುವುದು ಒಂದು ಕೋಣೆಯನ್ನು. ಕೋಣೆಯನ್ನು ಕಾರಿನ ಹಾಗೆ ಓಡಿಸಲಾಗುವುದಿಲ್ಲ.

ಹಾಗಾದರೆ ಎಷ್ಟು? ಸುತ್ತಿ ಬಳಸಿ ಹೇಳುವುದಿಲ್ಲ. ಒಳ್ಳೆಯ ರಸ್ತೆ, ಒಣ ಹವೆ, ಸಮತಟ್ಟು ನೆಲ, ಹಗಲು ಹೊತ್ತು ಇದ್ದರೆ ಗಂಟೆಗೆ 60ರಿಂದ 62 ಮೈಲಿ. ಊರಿನ ಲೆಕ್ಕದಲ್ಲಿ ಇದು ಗಂಟೆಗೆ 100 ಕಿಲೋಮೀಟರ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಕಾರುಗಳಿಗೆ ಇಟ್ಟಿರುವ ಮಿತಿಯೂ ಇಷ್ಟೇ. ಅಪ್ಪನಿಗೆ ಹಾಗೆಂದು ಹೇಳಿ, ಅವರಿಗೆ ಇದು ಕಡಿಮೆ ವೇಗವೇನೂ ಅಲ್ಲ ಎಂದು ತಕ್ಷಣ ಅರ್ಥವಾಗುತ್ತದೆ. ಯಾರನ್ನೋ ದಾಟಲೇಬೇಕಾದಾಗ ಒಂದು ನಿಮಿಷ 65ಕ್ಕೆ ಏರಿದರೆ ತಪ್ಪಿಲ್ಲ. ಅದರಾಚೆಗೆ ನಿಮ್ಮ ಗಾಡಿಗೆ ಕೆಲಸವಿಲ್ಲ.

“ಆಂಟೀ, ಬೋರ್ಡಿನ ಮೇಲೆ 80 ಎಂದು ಬರೆದಿದೆಯಲ್ಲ!” ಎನ್ನುತ್ತೀರಿ. ಬರೆದಿದೆ, ನಾನೂ ನೋಡಿದ್ದೇನೆ. ನೆವಾಡದಲ್ಲಿ ಫರ್ನ್ಲಿ ದಾಟಿದ ಮೇಲೆ, ಐಡಹೊ, ಯೂಟಾ, ವಯೋಮಿಂಗಿನ ಬಯಲುಗಳಲ್ಲಿ 80 ಇದೆ. ಟೆಕ್ಸಸ್‌ನಲ್ಲಿ ಒಂದು ಟೋಲ್ ರಸ್ತೆಯ ಮೇಲೆ 85 ಕೂಡ ಇದೆ. ಆ ಬೋರ್ಡು ಹೇಳುವುದು ಇದಕ್ಕಿಂತ ಹೆಚ್ಚಾದರೆ ದಂಡ ಎಂದು; ಇಷ್ಟು ಓಡಿಸಲೇಬೇಕು ಎಂದು ಯಾರೂ ಬರೆದಿಲ್ಲ. ಇದೇ ದೇಶದಲ್ಲಿ 1974ರಲ್ಲಿ ಪೆಟ್ರೋಲಿಗೆ ಬರ ಬಂದಾಗ ದೇಶಕ್ಕೆಲ್ಲ 55 ಮೈಲಿಯ ಮಿತಿ ಹಾಕಿದ್ದರು. 1987ರಲ್ಲಿ ಊರಾಚೆಯ ಇಂಟರ್‌ಸ್ಟೇಟ್‌ಗಳಲ್ಲಿ 65ಕ್ಕೆ ಏರಿಸಿದರು, 1995ರಲ್ಲಿ ಆ ಕಾನೂನನ್ನೇ ತೆಗೆದರು. ಅಷ್ಟು ವರ್ಷವೂ ಜನ ಯೆಲ್ಲೋಸ್ಟೋನಿಗೆ ಹೋಗಿ ಬಂದರು, ಗ್ರ್ಯಾಂಡ್ ಕ್ಯಾನಿಯನ್ನಿಗೂ ಹೋಗಿ ಬಂದರು.

ವೇಗ ಸ್ವಲ್ಪ ಏರಿದರೆ ಅಪಾಯವೂ ಸ್ವಲ್ಪವೇ ಏರುತ್ತದೆ ಎಂದು ನಂಬಿಕೊಂಡಿದ್ದೀರಲ್ಲ, ಅದನ್ನು ಇವತ್ತೇ ಬಿಟ್ಟುಬಿಡಿ. ನೀವೆಲ್ಲ ಇಂಜಿನಿಯರಿಂಗ್ ಓದಿದವರು, ಈ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಸ್ಟಿಯರಿಂಗ್ ಮುಂದೆ ಕೂತಾಗ ಮರೆಯುತ್ತೀರಿ. ಓಡುವ ಗಾಡಿಯ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. 62ರಿಂದ 75ಕ್ಕೆ ಹೋದರೆ ವೇಗ ಏರುವುದು ಐದರಲ್ಲಿ ಒಂದು ಪಾಲು. ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಅದೂ ಆರೂವರೆ ಟನ್ನಿನ ಮೇಲೆ. 62ರಲ್ಲಿ ಗಾಡಿ ಒಂದು ಸೆಕೆಂಡಿಗೆ 91 ಅಡಿ ಓಡುತ್ತದೆ. ಮುಂದಿನವನ ಕೆಂಪು ದೀಪ ಕಂಡು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿದರೂ ಆಗಲೇ 136 ಅಡಿ ಕಳೆದಿರುತ್ತದೆ. ಬ್ರೇಕು ಕೆಲಸ ಶುರುಮಾಡುವುದು ಅದಾದ ಮೇಲೆ.

ಆದ್ದರಿಂದ ಮುಂದಿನ ಗಾಡಿಯಿಂದ ಅಂತರ ಬಿಡಿ. ಟ್ರಕ್ ಓಡಿಸುವವರಿಗೆ ಇಲ್ಲಿ ಒಂದು ಲೆಕ್ಕ ಹೇಳಿಕೊಡುತ್ತಾರೆ: ಗಾಡಿಯ ಉದ್ದದ ಪ್ರತಿ ಹತ್ತು ಅಡಿಗೆ ಒಂದು ಸೆಕೆಂಡು, ವೇಗ 40 ಮೈಲಿ ದಾಟಿದ್ದರೆ ಮೇಲೊಂದು ಸೆಕೆಂಡು. ಮೂವತ್ತು ಅಡಿಯ ಗಾಡಿಗೆ ನಾಲ್ಕು ಸೆಕೆಂಡು. ಮುಂದಿನವನು ಒಂದು ಕಂಬ ದಾಟಿದಾಗ ಎಣಿಸಲು ಶುರುಮಾಡಿ. ಒಂದು ಸಾವಿರ, ಎರಡು ಸಾವಿರ ಎಂದು ನಿಧಾನವಾಗಿ ನಾಲ್ಕು ಸಾವಿರ ಮುಗಿಯುವ ತನಕ ನೀವು ಆ ಕಂಬ ಮುಟ್ಟಬಾರದು. ಈ ಎಣಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ, ನಿಮ್ಮ ಮೇಲೂ ಒಂದು ಕಣ್ಣಿರುತ್ತದೆ. ನೀವು ಬಿಟ್ಟ ಜಾಗಕ್ಕೆ ಯಾವನೋ ಕಾರಿನವನು ನುಗ್ಗುತ್ತಾನೆ. ನುಗ್ಗಲಿ. ಕಾಲು ಸ್ವಲ್ಪ ಸಡಿಲಿಸಿ ಮತ್ತೆ ನಾಲ್ಕು ಸೆಕೆಂಡು ಮಾಡಿಕೊಳ್ಳಿ. ಅವನ ಮೇಲೆ ಸಿಟ್ಟಾಗಬೇಡಿ, ಹಿಂದೆ ಬಿದ್ದು ಹೆದರಿಸಲಂತೂ ಹೋಗಲೇಬೇಡಿ.

ಹಿಂದಿನವರ ಹಾರ್ನಿಗೆ ಹೆದರಿ ವೇಗ ಏರಿಸುವುದನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ದಾರಿ ಅಡ್ಡಗಟ್ಟಿದ್ದೇನಲ್ಲ ಎಂಬ ಮುಜುಗರಕ್ಕೆ 62 ಇದ್ದದ್ದು 68 ಆಗುತ್ತದೆ, 68 ಇದ್ದದ್ದು 74 ಆಗುತ್ತದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ಗೊತ್ತಲ್ಲ. ಬಲಗಡೆಯ ಲೇನ್ ಹಿಡಿದು ಹೋಗಿ, ಅದು ನಿಧಾನದವರಿಗೆಂದೇ ಇರುವುದು. ದೊಡ್ಡ ಕಂಪನಿಗಳ ಟ್ರಕ್ಕುಗಳಲ್ಲಿ ಬಹಳಷ್ಟಕ್ಕೆ 65ರ ಆಸುಪಾಸಿನಲ್ಲಿ ವೇಗ ಕಟ್ಟಿಹಾಕಿರುತ್ತಾರೆ. ನೀವು ಅವರ ಸಾಲಿನಲ್ಲಿ ನಿಮ್ಮ 62 ಹಿಡಿದುಕೊಂಡು ಹೋದರೆ ಯಾರಿಗೂ ತೊಂದರೆಯಿಲ್ಲ. ಒಂಟಿ ಲೇನಿನ ಬೆಟ್ಟದ ರಸ್ತೆಗಳಲ್ಲಿ ಮಾತ್ರ ಕನ್ನಡಿ ನೋಡುತ್ತಿರಿ. ಕ್ಯಾಲಿಫೋರ್ನಿಯದಲ್ಲಿ ಹಿಂದೆ ಐದು ಗಾಡಿ ಸೇರಿದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂದು ಕಾನೂನೇ ಇದೆ. ಐದಾಗುವ ತನಕ ಕಾಯುವುದೇಕೆ? ಮೂರಾದಾಗಲೇ ಟರ್ನ್‌ಔಟ್ ಸಿಕ್ಕಿದರೆ ಸರಿದುಬಿಡಿ. ಅವರು ಕೈಯೆತ್ತಿ ವಂದಿಸಿ ಹೋಗುತ್ತಾರೆ, ನಿಮಗೂ ಎದೆಭಾರ ಇಳಿಯುತ್ತದೆ.

ಇದರ ಇನ್ನೊಂದು ತುದಿಯೂ ಬೇಡ. ಹೆದರಿಕೊಂಡು ಇಂಟರ್‌ಸ್ಟೇಟಿನಲ್ಲಿ 45ರಲ್ಲಿ ತೆವಳಬೇಡಿ. ಹಿಂದಿನಿಂದ 80ರಲ್ಲಿ ಬರುವವನಿಗೆ ನೀವು ನಿಂತ ಗೋಡೆಯಂತೆ ಕಾಣುತ್ತೀರಿ. ಸಮತಟ್ಟಿನಲ್ಲಿ 55ಕ್ಕಿಂತ ಕೆಳಗೆ ಓಡಿಸಬೇಕು ಅನ್ನಿಸಿದರೆ ಏನೋ ಸರಿಯಿಲ್ಲ ಎಂದರ್ಥ, ಗಾಳಿಯೋ ಮಳೆಯೋ ನಿದ್ದೆಯೋ. ಆಗ ಮುಂದಿನ ಎಕ್ಸಿಟ್ ಹಿಡಿದು ನಿಲ್ಲಿಸಿ.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಾರಿನಿಂದ ಬಂದವರಿಗೆ ಇದು ತಿಳಿಯುವುದೇ ಇಲ್ಲ. ನಮ್ಮ ಊರಲ್ಲಿ ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತಾರೆ. ಅದು ಕಣದ ಗಾದೆ, ಅದನ್ನು ಹೆದ್ದಾರಿಗೆ ತರಬೇಡಿ. ನಿಮ್ಮ ಗಾಡಿಯ ಪಕ್ಕದ ಗೋಡೆ ಒಂದು ದೊಡ್ಡ ಹಾಯಿ ಇದ್ದಂತೆ. ಗಾಳಿ ಅಡ್ಡಡ್ಡ ಬೀಸಿದರೆ ಗಾಡಿ ಪಕ್ಕದ ಲೇನಿಗೆ ಜಾರಲು ನೋಡುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿ ಸರಿಮಾಡುವ ಹೊತ್ತಿಗೆ ಒಂದು ಮೇಲ್ಸೇತುವೆ ಅಡ್ಡ ಬಂದು ಗಾಳಿ ನಿಲ್ಲುತ್ತದೆ, ಆಗ ಗಾಡಿ ಈ ಕಡೆ ಎಳೆಯುತ್ತದೆ. ಸೇತುವೆ ದಾಟಿದರೆ ಮತ್ತೆ ಹೊಡೆತ. 60ರಲ್ಲಿ ಇದನ್ನು ತಿದ್ದಿಕೊಳ್ಳಲು ಸಮಯವಿರುತ್ತದೆ, 75ರಲ್ಲಿ ತಿದ್ದುವುದೇ ಅತಿಯಾಗಿ ಇನ್ನೊಂದು ಅನಾಹುತವಾಗುತ್ತದೆ. ದೊಡ್ಡ ಟ್ರಕ್ಕು ಪಕ್ಕದಲ್ಲಿ ಹಾದುಹೋಗುವಾಗಲೂ ಹೀಗೇ. ಮೊದಲು ಅದರ ಮೂತಿಯ ಗಾಳಿ ನಿಮ್ಮನ್ನು ಆಚೆ ತಳ್ಳುತ್ತದೆ, ಆಮೇಲೆ ಅದರ ಪಕ್ಕೆ ನಿಮ್ಮನ್ನು ಒಳಗೆ ಸೆಳೆಯುತ್ತದೆ. ಕನ್ನಡಿಯಲ್ಲಿ ಟ್ರಕ್ಕು ಕಂಡಾಗಲೇ ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ, ಲೇನಿನ ಬಲ ಅಂಚಿಗೆ ಒಂದಡಿ ಸರಿದಿರಿ, ಕಾಲು ತುಸು ಸಡಿಲಿಸಿ. ಅವನು ಬೇಗ ದಾಟಿಹೋಗುತ್ತಾನೆ.

ವಯೋಮಿಂಗಿನಲ್ಲಿ ಲ್ಯಾರಮಿ ದಾಟಿದ ಮೇಲೆ ಇಂಟರ್‌ಸ್ಟೇಟ್ 80 ಎಲ್ಕ್ ಮೌಂಟನ್ ಬುಡದಲ್ಲಿ ಹಾದುಹೋಗುತ್ತದೆ. ಹಳೆಯ ರಸ್ತೆ ಉತ್ತರಕ್ಕೆ ಸುತ್ತಿ ಮೆಡಿಸಿನ್ ಬೋ ಎಂಬ ಊರಿನ ಮೇಲೆ ಹೋಗುತ್ತಿತ್ತು. ದೂರ ಉಳಿಯಲೆಂದು ಈ ಹತ್ತಿರದ ದಾರಿ ಮಾಡಲು ಹೊರಟಾಗ, ಅಲ್ಲಿ ಗಾಳಿಯೂ ಹಿಮವೂ ಜಾಸ್ತಿ, ಬೇಡ ಎಂದು ಅಲ್ಲಿಯ ರೈತಾಪಿ ಜನ ಹೇಳಿದ್ದರು. ಮಾತು ಕೇಳಲಿಲ್ಲ. 1970ರಲ್ಲಿ ರಸ್ತೆ ತೆರೆಯಿತು, ಅಂದಿನಿಂದ ಇವತ್ತಿನ ತನಕ ಗಾಳಿಗೂ ಹಿಮಕ್ಕೂ ಅದನ್ನು ಮುಚ್ಚುತ್ತಾ ತೆರೆಯುತ್ತಾ ಇದ್ದಾರೆ. ಹಗುರವಾದ ಎತ್ತರದ ಗಾಡಿಗಳಿಗೆ ಪ್ರವೇಶವಿಲ್ಲ ಎಂದು ದೀಪದ ಬೋರ್ಡು ಉರಿಯುತ್ತಿರುತ್ತದೆ. ಆ ಬೋರ್ಡು ನಿಮಗಾಗಿಯೇ ಹಾಕಿದ್ದು. ನಾವು ಒಮ್ಮೆ ಲ್ಯಾರಮಿಯಲ್ಲಿ ಅದನ್ನು ನೋಡಿ ಒಂದೂವರೆ ದಿನ ಅಲ್ಲೇ ಉಳಿದೆವು. ಮಕ್ಕಳು ಗೊಣಗಿದರು, ಯಜಮಾನರು ಹತ್ತು ಸಲ ಫೋನಿನಲ್ಲಿ ಹವೆ ನೋಡಿದರು. ನಾನು ಚಿತ್ರಾನ್ನ ಮಾಡಿ ಬಡಿಸಿದೆ. ಮೂರನೆಯ ಬೆಳಗ್ಗೆ ಹೊರಟಾಗ ದಾರಿಯ ಪಕ್ಕ ಒಂದು ಖಾಲಿ ಟ್ರಕ್ಕು ಮಗ್ಗುಲಾಗಿ ಬಿದ್ದಿತ್ತು. ಆಮೇಲೆ ಯಾರೂ ಗೊಣಗಲಿಲ್ಲ. ಮೊಂಟಾನದ ಲಿವಿಂಗ್‌ಸ್ಟನ್, ಪಾಮ್ ಸ್ಪ್ರಿಂಗ್ಸ್ ಹತ್ತಿರದ ಗಾಳಿಯಂತ್ರಗಳ ಕಣಿವೆ, ಲಾಸ್ ಏಂಜಲೀಸ್ ಮೇಲಿನ ಕಹೋನ್ ಪಾಸ್, ಇವೂ ಇಂಥವೇ ಜಾಗಗಳು. ಹೊರಡುವ ದಿನ ಬೆಳಗ್ಗೆ ಮಳೆ ಬರುತ್ತದೆಯೇ ಎಂದು ನೋಡುತ್ತೀರಲ್ಲ, ಹಾಗೆಯೇ ಗಾಳಿಯ ವೇಗವನ್ನೂ ನೋಡಿ. ರಭಸದ ಗಾಳಿ 30 ಮೈಲಿ ದಾಟುತ್ತದೆ ಎಂದಿದ್ದರೆ 50–55ಕ್ಕೆ ಇಳಿಸಿ. 40 ದಾಟುತ್ತದೆ ಎಂದಿದ್ದರೆ ಹೊರಡಲೇಬೇಡಿ.

ಇಳಿಜಾರಿನ ಮಾತಿಗೆ ಬರೋಣ. ಹತ್ತುವಾಗ ಗಾಡಿ ತಾನಾಗಿಯೇ ನಿಧಾನವಾಗುತ್ತದೆ, ಅಲ್ಲಿ ನಾನು ಹೇಳುವುದೇನಿಲ್ಲ. ಬಲಗಡೆಯ ಟ್ರಕ್ ಲೇನಿಗೆ ಸರಿದು ಸಮಾಧಾನವಾಗಿ ಹತ್ತಿ. ಮೊಹಾವಿ ಮರುಭೂಮಿಯ ಏರುಗಳಲ್ಲಿ ಏಸಿ ಆರಿಸಿ ಎಂಬ ಬೋರ್ಡು ಕಂಡರೆ ಆರಿಸಿ, ಇಂಜಿನ್ ಕಾಯದೆ ಇರಲಿ. ಇಳಿಯುವಾಗಲೇ ಎಚ್ಚರ ಬೇಕಾದದ್ದು. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದು ಕಾದು ಕೆಂಡವಾಗುತ್ತದೆ, ಕೊನೆಗೆ ಒತ್ತಿದರೂ ಹಿಡಿಯುವುದಿಲ್ಲ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಬಸ್ಸಿನ ಚಾಲಕರು ಹೇಗೆ ಇಳಿಯುತ್ತಿದ್ದರು ನೆನಪಿಸಿಕೊಳ್ಳಿ. ಮೇಲಿನಿಂದಲೇ ಗೇರು ಇಳಿಸಿಬಿಡುತ್ತಿದ್ದರು, ಇಂಜಿನ್ನು ಗುರ್ರೆನ್ನುತ್ತಾ ತಾನೇ ಗಾಡಿಯನ್ನು ಹಿಡಿದುಕೊಂಡಿರುತ್ತಿತ್ತು. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಅವರ ಮಾತು. ಇಲ್ಲಿ ಗಾಡಿ ಆಟೋಮ್ಯಾಟಿಕ್ ಆದರೂ ಗೇರಿನ ಕಡ್ಡಿಯ ತುದಿಯಲ್ಲಿ ‘ಟೋ/ಹಾಲ್’ ಎಂಬ ಗುಂಡಿ ಇರುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಅದನ್ನು ಒತ್ತಿ, ವೇಗ 45ಕ್ಕೋ 50ಕ್ಕೋ ತಂದುಕೊಳ್ಳಿ. ಇಂಜಿನ್ನು ಜೋರಾಗಿ ಕೂಗುತ್ತದೆ. ಏನೋ ಒಡೆದುಹೋಯಿತು ಎಂದು ಅಮ್ಮ ಹೆದರಬಹುದು, ಅವರಿಗೆ ಮೊದಲೇ ಹೇಳಿಡಿ. ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ಬ್ರೇಕು ಒತ್ತಿ ಐದು ಮೈಲಿ ಇಳಿಸಿ, ಮತ್ತೆ ಪೂರ್ತಿ ಬಿಡಿ. ಒತ್ತಿ ಬಿಡಿ, ಒತ್ತಿ ಬಿಡಿ. ಬಿಟ್ಟಾಗ ಬ್ರೇಕು ಉಸಿರಾಡಿಕೊಳ್ಳುತ್ತದೆ.

ಲಾಸ್ ಏಂಜಲೀಸ್ ಕಡೆಯಿಂದ ಬರುವವರಿಗೆ ಗ್ರೇಪ್‌ವೈನ್ ಇಳಿಜಾರು ಗೊತ್ತಿರುತ್ತದೆ, ನೂರಕ್ಕೆ ಆರರಷ್ಟು ಇಳಿತ, ಪಕ್ಕದಲ್ಲಿ ಬ್ರೇಕು ಕಳೆದುಕೊಂಡ ಟ್ರಕ್ಕುಗಳು ನುಗ್ಗಿ ನಿಲ್ಲಲೆಂದು ಜಲ್ಲಿ ಹಾಸಿದ ದಾರಿ. ಕೊಲರಾಡೊದಲ್ಲಿ ಇಂಟರ್‌ಸ್ಟೇಟ್ 70 ಐಸನ್‌ಹೋವರ್ ಸುರಂಗದ ಹತ್ತಿರ 11,000 ಅಡಿಗೂ ಮೇಲೆ ಹೋಗಿ ಡೆನ್ವರ್ ಕಡೆಗೆ ಇಳಿಯುತ್ತದೆ. ಇಳಿದು ಇಳಿದು ಇನ್ನೇನು ಬಯಲು ಬಂತು ಅನ್ನಿಸುವಷ್ಟರಲ್ಲಿ ಅಲ್ಲೊಂದು ಬೋರ್ಡು ಇದೆ: ಟ್ರಕ್ಕಿನವರೇ ಮೋಸಹೋಗಬೇಡಿ, ಇನ್ನೂ ನಾಲ್ಕು ಮೈಲಿ ಕಡಿದಾದ ಇಳಿಜಾರೂ ತಿರುವೂ ಇದೆ ಎಂದು. ಅಂಥ ಬೋರ್ಡುಗಳನ್ನು ಟ್ರಕ್ಕಿನವರಿಗೆ ಎಂದು ಬಿಟ್ಟುಬಿಡಬೇಡಿ. ಈ ಪ್ರವಾಸ ಮುಗಿಯುವ ತನಕ ನೀವೂ ಟ್ರಕ್ಕಿನವರೇ.

ಕಾರಿಗೆ ಟ್ರೇಲರ್ ಸಿಕ್ಕಿಸಿಕೊಂಡು ಹೊರಡುವವರು ಇನ್ನೂ ಒಂದು ಮೆಟ್ಟಿಲು ಕೆಳಗಿರಬೇಕು. ಕ್ಯಾಲಿಫೋರ್ನಿಯದಲ್ಲಿ ಏನನ್ನು ಎಳೆದುಕೊಂಡು ಹೋದರೂ 55 ಮೈಲಿಯೇ ಮಿತಿ, ಪಕ್ಕದಲ್ಲಿ ಕಾರುಗಳಿಗೆ 70 ಇದ್ದರೂ ಸರಿ. ಆರ್‌ವಿಯ ಹಿಂದೆ ಚಿಕ್ಕ ಕಾರು ಕಟ್ಟಿಕೊಂಡವರಿಗೂ ಇದೇ ಅನ್ವಯ. ಬೇರೆ ರಾಜ್ಯಕ್ಕೆ ಹೋದರೂ 60 ದಾಟಬೇಡಿ. ಟ್ರೇಲರಿನ ಟೈರಿನ ಮೇಲೆ ‘ಎಸ್‌ಟಿ’ ಎಂದು ಬರೆದಿರುತ್ತದೆ, ಹಳೆಯ ರೂಢಿಯಲ್ಲಿ ಇವುಗಳ ಮಿತಿಯೇ 65. ಈಗಿನವುಗಳಲ್ಲಿ ಒಂದು ಅಕ್ಷರ ಇರುತ್ತದೆ; ಜೆ ಎಂದರೆ 62, ಕೆ ಎಂದರೆ 68, ಎಲ್ ಎಂದರೆ 75. ಮಂಡಿಯೂರಿ ಕೂತು ಓದಿ. ಬಸ್ಸಿನಂಥ ದೊಡ್ಡ ‘ಕ್ಲಾಸ್ ಎ’ ಗಾಡಿಗಳಲ್ಲೂ ಎಷ್ಟೋ ಟೈರುಗಳು 75ಕ್ಕೇ ಮುಗಿಯುತ್ತವೆ. ಟೈರು ತಾಳುವ ಕೊನೆಯ ಅಂಕಿಯಲ್ಲಿ ಇಡೀ ದಿನ ಓಡಿಸುವವರಿಗೆ ನಾನೇನು ಹೇಳಲಿ! ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಹಿರಿಯರು ಇದಕ್ಕೇ ಹೇಳಿದ್ದು.

ಟ್ರೇಲರ್ ಅತ್ತಿತ್ತ ತೊನೆಯಲು ಶುರುವಾದರೆ ಬ್ರೇಕನ್ನು ತುಳಿಯಬೇಡಿ, ಸ್ಟಿಯರಿಂಗಿನಲ್ಲಿ ಕುಸ್ತಿ ಮಾಡಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು, ಡ್ಯಾಶ್‌ಬೋರ್ಡಿನಲ್ಲಿರುವ ಟ್ರೇಲರ್ ಬ್ರೇಕಿನ ಹಿಡಿಯನ್ನು ಮಾತ್ರ ಮೆಲ್ಲಗೆ ಒತ್ತಿ. ಅದು ತಣ್ಣಗಾಗುತ್ತದೆ. ನಿಂತ ಮೇಲೆ ಸಾಮಾನು ಹೇಗೆ ಜೋಡಿಸಿದ್ದೀರಿ ನೋಡಿ. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು. ಅಕ್ಕಿ ಮೂಟೆ, ನೀರಿನ ಕ್ಯಾನು ಎಲ್ಲ ಹಿಂದೆ ತುಂಬಿದರೆ ಅದು ತೊನೆಯದೆ ಇನ್ನೇನು ಮಾಡೀತು?

ಟೈರಿನ ಗಾಳಿಯನ್ನು ಪ್ರತಿ ಬೆಳಗ್ಗೆ, ಗಾಡಿ ಅಲ್ಲಾಡುವ ಮುಂಚೆ, ತಣ್ಣಗಿರುವಾಗಲೇ ನೋಡಿ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲ ಪಕ್ಕ ಚೀಟಿ ಅಂಟಿಸಿರುತ್ತಾರೆ. ಗಾಳಿ ಕಡಿಮೆಯಿದ್ದ ಟೈರು ಬಿಸಿಲಿನಲ್ಲಿ ವೇಗವಾಗಿ ಓಡಿದರೆ ಒಳಗೊಳಗೇ ಕಾದು ಒಡೆಯುತ್ತದೆ. ನೆವಾಡ, ಅರಿಜೋನದ ಜುಲೈ ಬಿಸಿಲು ಅಂದರೆ ಹುಡುಗಾಟವಲ್ಲ. ಟೈರಿನ ವಯಸ್ಸನ್ನೂ ನೋಡಿ, ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ಮಾಡಿದ್ದು. ಚರ್ಮ ಬಿರಿದ ಹಳೆಯ ಟೈರು ಕಂಡರೆ ಬಾಡಿಗೆ ಕೊಟ್ಟವರ ಅಂಗಳದಲ್ಲೇ ಬೇರೆ ಕೇಳಿ. ಸಂಕೋಚ ಬೇಡ.

ಪೆಟ್ರೋಲಿನ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಈ ಗಾಡಿಗಳು ಗ್ಯಾಲನ್ನಿಗೆ ಎಂಟು ಹತ್ತು ಮೈಲಿ ಕೊಟ್ಟರೆ ಹೆಚ್ಚು, ವೇಗ ಏರಿದಷ್ಟೂ ಗಾಳಿಯನ್ನು ಸೀಳಲಿಕ್ಕೇ ಅದು ಖರ್ಚಾಗುತ್ತದೆ.

ಒಳಗೆ ಕೂತವರನ್ನು ಮರೆಯಬೇಡಿ. ಗಾಡಿ ಓಡುವಾಗ ಚಹಾ ಮಾಡಲು ಏಳುವ ಅಮ್ಮಂದಿರು, ಫ್ರಿಜ್ಜು ತೆಗೆಯುವ ಮಕ್ಕಳು, ಮೇಲಿನ ಹಾಸಿಗೆಯಲ್ಲಿ ಮಲಗಿ ಕಿಟಕಿ ನೋಡುವ ಪುಟಾಣಿಗಳು, ಇದೊಂದೂ ಕೂಡದು. ಎಲ್ಲರೂ ಬೆಲ್ಟು ಹಾಕಿ ಕೂತಿರಬೇಕು, ಬಚ್ಚಲಿಗೆ ಹೋಗಬೇಕೆಂದರೆ ಗಾಡಿ ನಿಲ್ಲಬೇಕು. ಹಿರಿಯರಿಗೆ ಇದನ್ನು ಹೇಳಲು ಸಂಕೋಚವಾಗುತ್ತದೆ, ಗೊತ್ತು. ಹಾಗಿದ್ದರೆ ಗಂಟೆ ಒಂದೂವರೆ ಗಂಟೆಗೊಮ್ಮೆ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಚಹಾ ಅಲ್ಲೇ ಆಗಲಿ. ಟ್ರೇಲರ್ ಆದರೆ ಒಳಗೆ ಯಾರನ್ನೂ ಕೂರಿಸಲೇಬೇಡಿ.

ನಿಮ್ಮ ವೇಗ ಸರಿಯಿದೆಯೇ ಎಂದು ತಿಳಿಯಲು ಮೀಟರಿನ ಜೊತೆಗೆ ಮೈಯನ್ನೂ ಕೇಳಿ. ಹೆಗಲು ಬಿಗಿದಿದೆಯೇ, ಸ್ಟಿಯರಿಂಗ್ ಹಿಡಿದ ಬೆರಳು ಬೆಳ್ಳಗಾಗಿದೆಯೇ, ಹಿಂದೆ ಕೂತವರ ಜೊತೆ ಕೂಗಿ ಮಾತಾಡಬೇಕಾಗಿದೆಯೇ? ಹಾಗಿದ್ದರೆ ಐದು ಮೈಲಿ ಇಳಿಸಿ. ಅಮ್ಮ ಬಹಳ ಹೊತ್ತಿನಿಂದ ಸುಮ್ಮನೆ ಕೂತು ಕೈಹಿಡಿ ಹಿಡಿದುಕೊಂಡಿದ್ದರೆ ಅದನ್ನೂ ಗಮನಿಸಿ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮಳೆ ಬಂದರೆ ಕ್ರೂಸ್ ಕಂಟ್ರೋಲ್ ಆರಿಸಿ, ಹತ್ತು ಮೈಲಿಯಾದರೂ ಇಳಿಸಿ. ಕತ್ತಲಾದ ಮೇಲೆ ಓಡಿಸಲೇಬೇಡಿ. ಯೆಲ್ಲೋಸ್ಟೋನ್ ಒಳಗೆ 45ಕ್ಕಿಂತ ಮೇಲೆ ಹೋಗುವಂತಿಲ್ಲ, ಅದಕ್ಕಿಂತ ನಿಧಾನವಾಗಿಯೇ ಹೋಗಿ. ತಿರುವಿನಾಚೆ ಕಾಡುಕೋಣದಂಥ ಬೈಸನ್ ರಸ್ತೆ ನಡುವೆ ನಿಂತಿರುತ್ತದೆ, ಅದು ನಿಮಗಾಗಿ ಸರಿಯುವುದಿಲ್ಲ.

ಇಷ್ಟೆಲ್ಲ ಹೇಳಿದೆನಲ್ಲ, ಇವೆಲ್ಲ ನಿಮಗೆ ಗೊತ್ತಿದ್ದೂ 75 ಯಾಕೆ ಓಡಿಸುತ್ತೀರಿ ಗೊತ್ತೆ? ಹಿಂದಿನ ರಾತ್ರಿ ಮಾಡಿದ ಲೆಕ್ಕದಿಂದ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಯೆಲ್ಲೋಸ್ಟೋನ್ ಒಂಬೈನೂರು ಮೈಲಿಗೂ ಮೇಲೆ. ಫೋನು ಹದಿನಾಲ್ಕು ಹದಿನೈದು ಗಂಟೆ ಎನ್ನುತ್ತದೆ, ನೀವು ಎರಡು ದಿನಕ್ಕೆ ಹಂಚಿಕೊಂಡು ಆ ರಾತ್ರಿಯ ಕ್ಯಾಂಪ್ ಸೈಟಿಗೆ ದುಡ್ಡು ಕಟ್ಟಿಬಿಡುತ್ತೀರಿ. ಫೋನು ಹೇಳುವುದು ಕಾರಿನ ಸಮಯ. ನಿಮ್ಮ ಗಾಡಿಗೆ ಅದರ ಮೇಲೆ ಕಾಲು ಭಾಗವಾದರೂ ಸೇರಿಸಬೇಕು, ನಿಲ್ಲುವ ಹೊತ್ತು ಬೇರೆ. ಬೆಳಗ್ಗೆ ಸ್ನಾನ ತಿಂಡಿ ಮುಗಿದು ಹೊರಡುವುದೇ ಹತ್ತು ಗಂಟೆ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಮಧ್ಯಾಹ್ನ ಮೂರಕ್ಕೆ ಅವಸರ ಹತ್ತುತ್ತದೆ, ಕಾಲು ತಾನಾಗಿ ಕೆಳಗೆ ಒತ್ತುತ್ತದೆ. ಆ ಹೊತ್ತಿನಲ್ಲಿ ನಿಧಾನವಾಗಿ ಓಡಿಸಿ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ವೇಗ ತೀರ್ಮಾನವಾಗಬೇಕಾದದ್ದು ಮನೆಯ ಊಟದ ಮೇಜಿನ ಮೇಲೆ.

ಮುನ್ನೂರು ಮೈಲಿಯನ್ನು 75ರಲ್ಲಿ ಓಡಿಸಿದರೆ ನಾಲ್ಕು ಗಂಟೆ, 62ರಲ್ಲಿ ಓಡಿಸಿದರೆ ನಾಲ್ಕು ಗಂಟೆ ಐವತ್ತು ನಿಮಿಷ. ಇಡೀ ದಿನದ ಕಷ್ಟಕ್ಕೆ ನೀವು ಗಳಿಸುವುದು ಆ ಐವತ್ತು ನಿಮಿಷ. ಅದೂ ದಾರಿಯಲ್ಲಿ ಎಲ್ಲೂ ನಿಲ್ಲದೆ ಒಂದೇ ವೇಗದಲ್ಲಿ ಹೋದರೆ. ಇಲ್ಲಿಯ ಹಳೆಯ ಆರ್‌ವಿ ಜನ ದಿನಕ್ಕೆ ಮುನ್ನೂರು ಮೈಲಿ ದಾಟುವುದಿಲ್ಲ, ಮಧ್ಯಾಹ್ನ ಮೂರು ಮೂರೂವರೆಗೆಲ್ಲ ಗಾಡಿ ನಿಲ್ಲಿಸಿಬಿಡುತ್ತಾರೆ. ನೀವೂ ಹಾಗೇ ಮಾಡಿ. ಮೊದಲ ದಿನ ರೀನೊ ಸಾಕು, ಇನ್ನೂರಿಪ್ಪತ್ತು ಮೈಲಿ. ಡಾನರ್ ಪಾಸ್ ಹತ್ತಿ ಇಳಿಯುವುದಿದೆ, ಗಾಡಿಯೂ ಹೊಸದು. ಎರಡನೆಯ ದಿನ ಎಲ್ಕೊ, ಮೂರನೆಯ ದಿನ ಮುನ್ನೂರು ದಾಟಿ ಸ್ವಲ್ಪ ಹೆಚ್ಚು ಓಡಿದರೆ ಐಡಹೊ ಫಾಲ್ಸ್. ನಾಲ್ಕನೆಯ ಬೆಳಗ್ಗೆ ನೂರು ಚಿಲ್ಲರೆ ಮೈಲಿ ದಾಟಿದರೆ ಪಾರ್ಕಿನ ಬಾಗಿಲು. ರಜೆ ಎರಡು ದಿನ ಹೆಚ್ಚು ಬೇಕಾಗುತ್ತದೆ. ಸಿಗುವುದಿಲ್ಲ ಎಂದಾದರೆ ಹತ್ತಿರದ ಜಾಗಕ್ಕೆ ಹೋಗಿ, ಲಾಸೆನ್ ಪಾರ್ಕ್ ಇದೆ, ರೆಡ್‌ವುಡ್ ಕಾಡುಗಳಿವೆ. ಯೆಲ್ಲೋಸ್ಟೋನ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಬಾಡಿಗೆಯ ಗಾಡಿ ಕೈಗೆ ಬಂದ ದಿನ ನೇರವಾಗಿ ಹೆದ್ದಾರಿಗೆ ನುಗ್ಗಬೇಡಿ. ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ತಿರುಗಿಸಿ, 20ರಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕು ಒತ್ತಿ ನೋಡಿ, ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಇಳಿದು ಹೆಜ್ಜೆ ಹಾಕಿ ಅಳೆಯಿರಿ. ಆ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮನೆಗೆ ಬಂದು ಸಾಮಾನು ತುಂಬುವಾಗ ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪ್ರೆಶರ್ ಕುಕ್ಕರನ್ನು ಒಲೆಯ ಮೇಲೆ ಬಿಡಬೇಡಿ, ಟವೆಲು ಸುತ್ತಿ ಸಿಂಕಿನೊಳಗೆ ಕೂರಿಸಿ. ಮಸಾಲೆ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಹಾಕಿ. ಹೊರಟ ಮೇಲೆ ಮೊದಲ ಹತ್ತು ಮೈಲಿ ಹಾಡು ಹಾಕಬೇಡಿ, ಒಳಗೆ ಏನು ಸದ್ದಾಗುತ್ತದೆ ಕೇಳಿಸಿಕೊಳ್ಳಿ. ಪಾತ್ರೆ ಗಡಗಡ ಅಂದರೆ ಮೊದಲು ಸಿಕ್ಕ ಎಕ್ಸಿಟಿನಲ್ಲಿ ಇಳಿದು ನಿಲ್ಲಿಸಿ, ಸರಿಮಾಡಿಕೊಂಡು, ಅಮ್ಮನಿಗೆ ಒಂದು ಲೋಟ ನೀರು ಕೊಟ್ಟು ಆಮೇಲೆ ಮುಂದೆ ಹೋಗಿ.